ಮುಟ್ಟು ನಿಂತ ಮೂರು ವರ್ಷಕ್ಕೆ ಕಾಣಿಸಿದ ರಕ್ತದ ಕಲೆ: ಸಸ್ಯ ಈಸ್ಟ್ರೋಜನ್ ಮಾತ್ರೆಯ ಒಂದು ಪ್ರಕರಣ

ನಾನು ಬೆಂಗಳೂರಿನಲ್ಲಿ ಡಯಟೀಷಿಯನ್. ಮುಟ್ಟು ನಿಂತ ಮೇಲಿನ ತೊಂದರೆಗೆ ಗಿಡಮೂಲಿಕೆ ಮಾತ್ರೆ ತೆಗೆದುಕೊಂಡ ಒಬ್ಬ ಮಹಿಳೆಯ ಕಥೆ ಇದು. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಬಡಾವಣೆ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಮಾತ್ರೆಯ ಬ್ರ್ಯಾಂಡ್ ಹೇಳುವುದಿಲ್ಲ. ಇದೇ ಪದಾರ್ಥಗಳನ್ನು ಸ್ವಲ್ಪ ಹೆಚ್ಚು ಕಮ್ಮಿ ಮಾಡಿ ಮಾರುವ ಡಬ್ಬಿಗಳು ಹತ್ತಾರಿವೆ. ಒಂದರ ಹೆಸರು ಹೇಳಿದರೆ ಓದುವವರು 'ನಮ್ಮದು ಅದಲ್ಲ ಬಿಡು' ಅಂತ ಸುಮ್ಮನಾಗುತ್ತಾರೆ.

ಜಯಮ್ಮ ಅಂತ ಕರೆಯೋಣ. ವಯಸ್ಸು 51. ದಕ್ಷಿಣ ಬೆಂಗಳೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುವ ಅಂಗಡಿ. ಜೊತೆಗೆ ಇಬ್ಬರು ಹುಡುಗಿಯರು ಕೆಲಸಕ್ಕಿದ್ದಾರೆ, ಕಟಿಂಗ್ ಮಾತ್ರ ಇವರದೇ ಕೈ. ತವರು ತುಮಕೂರು ಜಿಲ್ಲೆಯ ಕಡೆ, ಕುರಿ ಸಾಕುವ ಮನೆ. ಈ ಕುರಿ ವಿಷಯ ಮುಂದೆ ಬರುತ್ತದೆ.

48ನೇ ವಯಸ್ಸಿಗೆ ಮುಟ್ಟು ನಿಂತಿತ್ತು. ಒಂದು ವರ್ಷ ಪೂರ್ತಿ ಬರದೇ ಇದ್ದರೆ ಮೆನೋಪಾಸ್ ಆಯಿತು ಅಂತ ಲೆಕ್ಕ. ನಮ್ಮ ದೇಶದಲ್ಲಿ ಸರಾಸರಿ 46-47ಕ್ಕೆಲ್ಲ ಆಗುತ್ತದೆ, ಹಾಗಾಗಿ ಅದರಲ್ಲಿ ವಿಶೇಷ ಏನಿಲ್ಲ. ಥೈರಾಯ್ಡ್ ಕಮ್ಮಿ ಅಂತ 9 ವರ್ಷದಿಂದ 75 ಮೈಕ್ರೋಗ್ರಾಂ ಮಾತ್ರೆ ನುಂಗುತ್ತಿದ್ದರು. ಆ ಮಾತ್ರೆ ಸಾಕಾಗುತ್ತಿದೆಯಾ ಅಂತ ತೋರಿಸುವ ರಕ್ತಪರೀಕ್ಷೆ ಟಿಎಸ್‌ಎಚ್ (ಥೈರಾಯ್ಡ್ ಕಮ್ಮಿಯಾದರೆ ಅದು ಏರುತ್ತದೆ, ಜಾಸ್ತಿಯಾದರೆ ಇಳಿಯುತ್ತದೆ) ಯಾವಾಗ ನೋಡಿದರೂ 2ರಿಂದ 3ರ ಒಳಗೆ, ಅಂದರೆ ಸರಿಯಾಗಿತ್ತು. ಬಿಪಿ ಇಲ್ಲ, ಶುಗರ್ ಇಲ್ಲ. ತೂಕ ಮಾತ್ರ ಎತ್ತರಕ್ಕೆ ಜಾಸ್ತಿ, 76 ಕೆಜಿ.

ಅವರನ್ನು ಸುಸ್ತು ಮಾಡಿದ್ದು ಹಾಟ್ ಫ್ಲಶ್. ಎದೆಯಿಂದ ಶುರುವಾಗಿ ಕುತ್ತಿಗೆ, ಮುಖಕ್ಕೆಲ್ಲ ಕಾವು ಏರುವುದು, ಎರಡು ಮೂರು ನಿಮಿಷ ಬೆವರು ಸುರಿಯುವುದು, ಆಮೇಲೆ ಚಳಿ. ದಿನಕ್ಕೆ 9-10 ಸಲ. ಪಕ್ಕದಲ್ಲೇ ಕಾದ ಇಸ್ತ್ರಿ ಪೆಟ್ಟಿಗೆ ಇರುವ ಕೆಲಸ ಬೇರೆ. ರಾತ್ರಿ ನೈಟಿ ನೆನೆದು ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಒಂದು ದಿನ ಹಾಗೇ ನಿದ್ದೆಗೆಟ್ಟ ಕಣ್ಣಲ್ಲಿ ಮದುವೆ ಹುಡುಗಿಯೊಬ್ಬಳ ರೇಷ್ಮೆ ಬ್ಲೌಸ್ ಪೀಸನ್ನು ತಪ್ಪು ಅಳತೆಗೆ ಕತ್ತರಿಸಿಬಿಟ್ಟರು. ಸೀರೆಯ ಜೊತೆಗೇ ಬಂದ ಪೀಸ್ ಅದು, ಬೇರೆ ಸಿಗುವುದಿಲ್ಲ. ದುಡ್ಡು ಕೊಟ್ಟರು, ಕ್ಷಮೆ ಕೇಳಿದರು, ಆದರೂ ಆ ಮನೆಯವರು ಮತ್ತೆ ಬರಲಿಲ್ಲ. ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, 'ವಯಸ್ಸಾಗ್ತಾ ಎಲ್ಲರಿಗೂ ಆಗೋದೇ, ಸಹಿಸ್ಕೋಬೇಕು' ಅನ್ನುವವರು ಜಾಸ್ತಿ. ಇವರಿಗೆ ಅದು ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು.

ಹಾರ್ಮೋನ್ ಬೇಡ ಅಂದಿದ್ದು

ಮೊದಲು ಅವರು ಹೋಗಿದ್ದು ಸರಿಯಾದ ಜಾಗಕ್ಕೇ, ಸ್ತ್ರೀರೋಗ ತಜ್ಞೆಯ ಹತ್ತಿರ. ಡಾಕ್ಟರ್ ಹಾರ್ಮೋನ್ ಚಿಕಿತ್ಸೆಯ ಮಾತೆತ್ತಿದರು. ಜಯಮ್ಮನ ಚಿಕ್ಕಮ್ಮ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡವರು. 'ಹಾರ್ಮೋನ್ ಅಂದ್ರೆ ಕ್ಯಾನ್ಸರ್, ನಂಗೆ ಬೇಡ' ಅಂತ ಎದ್ದು ಬಂದರು.

ಈ ಭಯಕ್ಕೆ ಒಂದು ಹಿನ್ನೆಲೆ ಇದೆ. ಅಮೆರಿಕದಲ್ಲಿ 16 ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆಯುತ್ತಿದ್ದ ಒಂದು ದೊಡ್ಡ ಹಾರ್ಮೋನ್ ಅಧ್ಯಯನವನ್ನು 2002ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು. ಈಸ್ಟ್ರೋಜನ್, ಪ್ರೊಜೆಸ್ಟಿನ್ ಅನ್ನುವ ಎರಡು ಹಾರ್ಮೋನನ್ನೂ ಒಟ್ಟಿಗೆ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡಿತ್ತು. ಪ್ರಪಂಚದಾದ್ಯಂತ ಹೆಂಗಸರು ಮಾತ್ರೆ ಬಿಟ್ಟರು, ಗಿಡಮೂಲಿಕೆ ಕಡೆ ತಿರುಗಿದರು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63 ಅನ್ನುವುದು, 60ರ ಒಳಗಿದ್ದು ಮುಟ್ಟು ನಿಂತು 10 ವರ್ಷ ದಾಟದವರಿಗೆ ಲೆಕ್ಕ ಬೇರೆ ಅನ್ನುವುದು ಅಷ್ಟಾಗಿ ಜನಕ್ಕೆ ತಲುಪಲೇ ಇಲ್ಲ. ತಾಯಿಗೋ ಅಕ್ಕತಂಗಿಗೋ ಅಲ್ಲದೆ ಚಿಕ್ಕಮ್ಮನಿಗೆ ಬಂದಿದ್ದರೆ ಹಾರ್ಮೋನ್ ಪೂರ್ತಿ ನಿಷಿದ್ಧ ಅಂತಲೂ ಇಲ್ಲ, ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ನೋಡಿ ಡಾಕ್ಟರ್ ನಿರ್ಧರಿಸುತ್ತಾರೆ. ಇದನ್ನೆಲ್ಲ ಅವರಿಗೆ ಹೇಳಿದ್ದರಂತೆ. ಆದರೆ ಚಿಕ್ಕಮ್ಮನ ಕೊನೆಯ ದಿನಗಳಲ್ಲಿ ಪಕ್ಕದಲ್ಲಿ ಕೂತು ನೋಡಿಕೊಂಡವರಿಗೆ ಅಂಕಿ ಅಂಶ ಹೇಳಿದರೆ ಎಷ್ಟು ಹೋಗುತ್ತದೆ ಹೇಳಿ. ಆ 'ಬೇಡ' ಅವರ ಹಕ್ಕು, ನಾನು ಅದನ್ನು ತಪ್ಪು ಅನ್ನುವುದಿಲ್ಲ.

ಎರಡು ವಾರ ಕಳೆದು ಒಬ್ಬ ಗಿರಾಕಿ ಹೇಳಿದರು, 'ನಾನೊಂದು ಹರ್ಬಲ್ ಮಾತ್ರೆ ತಗೋತೀನಿ ಜಯಮ್ಮ, ನಿದ್ದೆ ಎಷ್ಟು ಚೆನ್ನಾಗಿ ಬರುತ್ತೆ ಗೊತ್ತಾ.' ಮಗಳು ಫೋನಿನಲ್ಲೇ ಆರ್ಡರ್ ಮಾಡಿದಳು. ಜನವರಿಯಲ್ಲಿ ಶುರು ಮಾಡಿದರು.

ಗುಣ ಕಂಡಿದ್ದು ನಿಜ

ಈ ಭಾಗವನ್ನು ಹಾರಿಸಿ ಬರೆಯುವವರೇ ಹೆಚ್ಚು. ನಾನು ಹಾರಿಸುವುದಿಲ್ಲ, ಯಾಕಂದರೆ ಮುಂದಿನ ತೊಂದರೆ ಅರ್ಥವಾಗುವುದು ಇದರಿಂದಲೇ. ಮಾತ್ರೆಯಿಂದ ಏನೂ ಪ್ರಯೋಜನ ಆಗದಿದ್ದರೆ ಅವರು ಒಂದು ತಿಂಗಳಿಗೇ ಬಿಟ್ಟಿರುತ್ತಿದ್ದರು.

ಜಯಮ್ಮನಿಗೆ ಆರ್ಡರ್ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಡುವ ಅಭ್ಯಾಸ. ಅಳತೆ, ಅಡ್ವಾನ್ಸ್, ಡೆಲಿವರಿ ದಿನ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಆವತ್ತು ಎಷ್ಟು ಸಲ ಕಾವು ಬಂತು ಅಂತಲೂ ಗುರುತು ಹಾಕಿದ್ದರು. ಜನವರಿಯ ಪುಟಗಳಲ್ಲಿ 9, 10, ಒಂದು ದಿನ 12. ಮಾರ್ಚ್ ಕೊನೆಗೆ 4, 5. ಅದೂ ಬೆಂಗಳೂರಿನ ಬಿಸಿಲು ಏರುವ ಹೊತ್ತಿನಲ್ಲಿ. ರಾತ್ರಿ ಎಚ್ಚರವಾಗುವುದು ಒಂದೇ ಸಲಕ್ಕೆ ಇಳಿದಿತ್ತು. ನನಗೆ ಆ ಪುಸ್ತಕ ತುಂಬಾ ಇಷ್ಟವಾಯಿತು. ಎಷ್ಟೋ ಓದಿಕೊಂಡವರು ಇಷ್ಟು ಚೆನ್ನಾಗಿ ದಾಖಲೆ ಇಡುವುದಿಲ್ಲ.

ಇಷ್ಟಕ್ಕೂ ಮಾತ್ರೆಯೇ ಕಾರಣವಾ? ಸಸ್ಯ ಈಸ್ಟ್ರೋಜನ್ ಅಂದರೆ ನಮ್ಮ ದೇಹದ ಈಸ್ಟ್ರೋಜನ್ ಕೂರುವ ಜಾಗದಲ್ಲೇ ಕೂರಬಲ್ಲ ಗಿಡದ ಪದಾರ್ಥ. ಸೋಯಾ, ರೆಡ್ ಕ್ಲೋವರ್ ಅನ್ನುವ ಮೇವಿನ ಗಿಡದಲ್ಲಿ ಐಸೋಫ್ಲಾವೋನ್ ಅನ್ನುವ ಬಗೆಯದು ಇರುತ್ತದೆ, ಅಗಸೆ, ಎಳ್ಳಿನಲ್ಲಿ ಲಿಗ್ನಾನ್ ಅನ್ನುವುದು. ಕೆಲಸ ನಮ್ಮ ಹಾರ್ಮೋನಿಗಿಂತ ತುಂಬಾ ದುರ್ಬಲ. ಸೋಯಾದ ಒಂದು ಅಂಶವನ್ನು ಕರುಳಿನ ಬ್ಯಾಕ್ಟೀರಿಯಾ ಈಕ್ವಾಲ್ ಅನ್ನುವ ಇನ್ನೊಂದು ಪದಾರ್ಥವಾಗಿ ಬದಲಿಸುತ್ತವೆ, ಅದಕ್ಕೆ ಬಲ ಜಾಸ್ತಿ. ಆದರೆ ಆ ಬ್ಯಾಕ್ಟೀರಿಯಾ ಎಲ್ಲರ ಹೊಟ್ಟೆಯಲ್ಲೂ ಇರುವುದಿಲ್ಲ. ಒಬ್ಬರಿಗೆ ಗುಣ ಕಂಡಿದ್ದು ಇನ್ನೊಬ್ಬರಿಗೆ ಕಾಣದೇ ಇರುವುದಕ್ಕೆ ಇದೂ ಒಂದು ಕಾರಣ ಅನ್ನುತ್ತಾರೆ.

ಅಧ್ಯಯನಗಳೂ ಒಂದೇ ದಿಕ್ಕಿಗಿಲ್ಲ. ಸೋಯಾ ಐಸೋಫ್ಲಾವೋನ್ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಬಂದ ಒಂದು ವಿಶ್ಲೇಷಣೆಯಲ್ಲಿ ಹಾಟ್ ಫ್ಲಶ್ ಸಂಖ್ಯೆ ಔಷಧಿಯೇ ಇಲ್ಲದ ಡಮ್ಮಿ ಮಾತ್ರೆಗಿಂತ ಸುಮಾರು ಶೇ 20ರಷ್ಟು ಇಳಿದಿತ್ತು. ಬೇರೆ ಪರಿಶೀಲನೆಗಳು ಖಚಿತವಾಗಿ ಹೇಳುವಷ್ಟು ಆಧಾರ ಇಲ್ಲ ಅಂದವು. ಉತ್ತರ ಅಮೆರಿಕದ ಮೆನೋಪಾಸ್ ತಜ್ಞರ ಸಂಘ 2023ರಲ್ಲಿ ಹಾಟ್ ಫ್ಲಶ್‌ಗೆ ಸೋಯಾ ಮಾತ್ರೆಯನ್ನು ಶಿಫಾರಸು ಮಾಡಲಿಲ್ಲ. ಈ ತೊಂದರೆಯಲ್ಲಿ ಡಮ್ಮಿ ಮಾತ್ರೆ ತಗೊಂಡವರಿಗೂ ಎಷ್ಟೋ ಕಮ್ಮಿಯಾಗುತ್ತದೆ, ಅದು ಗೊತ್ತಿರುವ ವಿಷಯ. ಜಯಮ್ಮನ ವಿಚಾರದಲ್ಲಿ ಇನ್ನೊಂದೂ ಇತ್ತು. ಫೆಬ್ರವರಿಯಿಂದ ಇಸ್ತ್ರಿ ಕೆಲಸವನ್ನೆಲ್ಲ ಬೀದಿಯ ಇಸ್ತ್ರಿ ಗಾಡಿಯವರಿಗೆ ಕೊಡಲು ಶುರು ಮಾಡಿದ್ದರು. ಹಾಗಾಗಿ ಹಗಲಿನ ಇಳಿಕೆಯಲ್ಲಿ ಅದರ ಪಾಲೂ ಇದೆ. ರಾತ್ರಿಯದಕ್ಕೆ ಮಾತ್ರೆಯ ಪಾಲು ಇತ್ತು ಅಂತಲೇ ನನ್ನ ಅಂದಾಜು.

ಏಪ್ರಿಲ್‌ನಲ್ಲಿ ಸೆಕೆ ಏರಿತು, ಫ್ಲಶ್ ಮತ್ತೆ ಒಂದೆರಡು ಹೆಚ್ಚಾಯಿತು. 'ಒಂದಕ್ಕೇ ಇಷ್ಟು ಗುಣ ಆದ್ರೆ ಎರಡು ತಗೊಂಡ್ರೆ ಪೂರ್ತಿ ಹೋಗುತ್ತಲ್ವಾ' ಅಂತ ಅವರೇ ಎರಡು ಮಾಡಿಕೊಂಡರು. ಯಾರನ್ನೂ ಕೇಳಲಿಲ್ಲ. ಸೊಪ್ಪು ಸೌತೆಕಾಯಿಗೆ ಯಾರಾದರೂ ಡಾಕ್ಟರನ್ನು ಕೇಳುತ್ತಾರಾ? ಅವರ ಲೆಕ್ಕದಲ್ಲಿ ಇದೂ ಅದೇ ಸಾಲಿನದು.

ಎಡವಟ್ಟು ಶುರುವಾಗಿದ್ದು

ಜೂನ್ ಹೊತ್ತಿಗೆ ಸುಸ್ತು. ಮಲಬದ್ಧತೆ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಫ್ಯಾಮಿಲಿ ಡಾಕ್ಟರ್ ಟಿಎಸ್‌ಎಚ್ ಮಾಡಿಸಿದರು, 11.8 ಬಂತು. 'ಮಾತ್ರೆ ಸರಿಯಾಗಿ ತಗೋತಿದ್ದೀರಾ?' 'ಒಂದು ದಿನವೂ ತಪ್ಪಿಸಿಲ್ಲ ಸಾರ್.' 'ಖಾಲಿ ಹೊಟ್ಟೇಲಿ?' 'ಹೌದು ಸಾರ್.' ಎರಡೂ ನಿಜ. 'ಬೇರೆ ಏನಾದ್ರೂ ಔಷಧಿ?' ಅಂತಲೂ ಕೇಳಿದ್ದರು. 'ಇಲ್ಲ' ಅಂದಿದ್ದರು. ಅದರಲ್ಲಿ ಸುಳ್ಳು ಹೇಳುವ ಉದ್ದೇಶ ಇರಲಿಲ್ಲ, ಅವರ ಪ್ರಕಾರ ಅದು ಔಷಧಿಯೇ ಅಲ್ಲ. ಡಬ್ಬಿ ಮೇಲೂ ಹಾಗೇ ಬರೆದಿದೆ ಅಲ್ವಾ. ನಮ್ಮಲ್ಲಿ ಇಂಥ ಪೂರಕಗಳು ಆಹಾರ ಸುರಕ್ಷತೆಯ 2016ರ ನಿಯಮದ ಕೆಳಗೆ ಬರುತ್ತವೆ, ಔಷಧಿಯಾಗಿ ಅಲ್ಲ. 'ಔಷಧಿಯ ಬಳಕೆಗೆ ಅಲ್ಲ' ಅಂತ ಲೇಬಲ್ ಮೇಲೆ ಹಾಕಲೇಬೇಕು ಅಂತ ನಿಯಮವೇ ಇದೆ. ಅದನ್ನು ಓದಿದ ಸಾಮಾನ್ಯ ಮನುಷ್ಯ ಏನು ಅಂದುಕೊಳ್ಳಬೇಕು? ಔಷಧಿ ಅಲ್ಲ ಅಂದ ಮೇಲೆ ಔಷಧಿಯ ಅಡ್ಡ ಪರಿಣಾಮವೂ ಇಲ್ಲ ಅಂತ ತಾನೇ.

ಡಾಕ್ಟರ್ ಡೋಸನ್ನು 100ಕ್ಕೆ ಏರಿಸಿದರು. ಅವರ ಮುಂದಿದ್ದ ಮಾಹಿತಿಗೆ ಅದು ಸರಿಯಾದ ನಿರ್ಧಾರವೇ. ಆಗಸ್ಟ್ ಮೊದಲ ವಾರ ಮತ್ತೆ ನೋಡಿದರೆ 8.6. ತೂಕ 79. ಬಿಪಿ ಮೊದಲ ಸಲ 148/92. ಮೊದಲು ತೂಕ ಇಳಿಸೋಣ, ಬಿಪಿ ಆಮೇಲೆ ನೋಡೋಣ ಅಂತ ನನ್ನ ಹತ್ತಿರ ಕಳಿಸಿದರು.

ನಾನು ಊಟದ ವಿವರ ಕೇಳುವಾಗ 'ಏನು ತಿಂತೀರ' ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ಮುದ್ದೆ, ಅನ್ನ, ಸಾರು, ಚಪಾತಿ ಅಂತ ಒಳ್ಳೆ ಪಟ್ಟಿ ಬರುತ್ತದೆ. ಎದ್ದ ಹೊತ್ತಿನಿಂದ ಗಂಟೆ ಗಂಟೆಗೆ ಹೋಗುತ್ತೇನೆ.

'ಎದ್ದ ತಕ್ಷಣ ಬಾಯಿಗೆ ಮೊದಲು ಏನು ಹೋಗುತ್ತೆ ಅಮ್ಮ?'

'ಬಿಸಿನೀರು ಮೇಡಂ. ಅದರಲ್ಲೇ ಥೈರಾಯ್ಡ್ ಮಾತ್ರೆ. ಗಿಡಮೂಲಿಕೆದು ಎರಡು.'

'ಎಲ್ಲ ಒಟ್ಟಿಗಾ?'

'ಹ್ಞೂ, ಒಟ್ಟಿಗೆ ನುಂಗಿಬಿಟ್ರೆ ಮರೆಯಲ್ಲ ನೋಡಿ.'

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಲೇಬಲ್ ಫೋಟೋ ಕಳಿಸಲು ಮಗಳಿಗೆ ಹೇಳಿದೆವು. ವಾಟ್ಸಾಪ್‌ನಲ್ಲಿ ಬಂದದ್ದನ್ನು ದೊಡ್ಡದು ಮಾಡಿ ಓದಿದೆ. ಮುಂದುಗಡೆ ಹಸಿರು ಎಲೆ, ಹೂವು, 'ಶೇ 100 ನೈಸರ್ಗಿಕ'. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ: ಸೋಯಾ ಸಾರ 125 ಮಿ.ಗ್ರಾಂ, ಶೇ 40 ಐಸೋಫ್ಲಾವೋನ್. ರೆಡ್ ಕ್ಲೋವರ್ ಸಾರ, ಅದರಲ್ಲಿ ಐಸೋಫ್ಲಾವೋನ್ ಎಷ್ಟು ಅಂತ ಹಾಕಿಲ್ಲ. ಶತಾವರಿ. ಅತಿಮಧುರ. ಕ್ಯಾಲ್ಸಿಯಂ. ದಿನಕ್ಕೆ ಒಂದು ಮಾತ್ರೆ.

ಲೆಕ್ಕ ಹಾಕಿ. 125ರಲ್ಲಿ ಶೇ 40 ಅಂದರೆ 50 ಮಿ.ಗ್ರಾಂ. ಎರಡು ಮಾತ್ರೆಗೆ 100. ಮೇಲೆ ರೆಡ್ ಕ್ಲೋವರ್‌ನಿಂದ ಎಷ್ಟೋ. ಅದರ ಮೇಲೆ, ಇದೇ ಗಿರಾಕಿ ಹೇಳಿದರು ಅಂತ ವಾರಕ್ಕೆ ಮೂರು ನಾಲ್ಕು ದಿನ ಸೋಯಾ ಚಂಕ್ಸ್ ಪಲ್ಯ. ಜಪಾನಿನವರು ದಿನವೂ ಸೋಯಾ ತಿನ್ನುವವರು, ಅವರ ಆಹಾರ ಸುರಕ್ಷತಾ ಆಯೋಗವೇ 2006ರಲ್ಲಿ ಹಾಕಿದ ಮಿತಿ ಊಟ ಎಲ್ಲ ಸೇರಿ ದಿನಕ್ಕೆ 70-75 ಮಿ.ಗ್ರಾಂ, ಅದರಲ್ಲಿ ಮಾತ್ರೆಯಿಂದ 30 ಮಾತ್ರ.

ಥೈರಾಯ್ಡ್ ಮಾತ್ರೆಯ ಕಥೆ ಆಗಲೇ ಸ್ಪಷ್ಟವಾಯಿತು. ಕರುಳು ಆ ಮಾತ್ರೆಯನ್ನು ಹೀರಿಕೊಳ್ಳುವುದನ್ನು ಸೋಯಾ ತಡೆಯಬಲ್ಲದು. ಕ್ಯಾಲ್ಸಿಯಂ ಅಂತೂ ಖಂಡಿತ ತಡೆಯುತ್ತದೆ. ಇವೆರಡಕ್ಕೂ ಥೈರಾಯ್ಡ್ ಮಾತ್ರೆಗೂ ಮಧ್ಯೆ 4 ಗಂಟೆ ಅಂತರ ಇರಬೇಕು ಅನ್ನುವುದು ಸಾಮಾನ್ಯ ಸಲಹೆ, ಇಲ್ಲಿ ಮೂರೂ ಒಂದೇ ಗುಟುಕಿನಲ್ಲಿ. ಕಾಫಿಯೂ ತಡೆಯುತ್ತದೆ, ಆದರೆ ಅವರ ಅರ್ಧ ಗಂಟೆ ನಂತರದ ಫಿಲ್ಟರ್ ಕಾಫಿ 9 ವರ್ಷದಿಂದ ಹಾಗೇ ಇದೆ, ಟಿಎಸ್‌ಎಚ್ ಆಗೆಲ್ಲ ಸರಿಯಾಗಿಯೇ ಇತ್ತು. ಬೆಳಗಿನ ಆ ಗುಟುಕಿಗೆ ಹೊಸದಾಗಿ ಸೇರಿದ್ದು ಈ ಗಿಡಮೂಲಿಕೆ ಮಾತ್ರೆಯೊಂದೇ.

ಲೇಬಲ್ ನೋಡಿದ ಮೇಲೆ ನಾನು ಇನ್ನೊಂದು ಪ್ರಶ್ನೆ ಕೇಳಿದೆ. 'ಮುಟ್ಟು ನಿಂತ ಮೇಲೆ ಯಾವಾಗಾದ್ರೂ ಸ್ವಲ್ಪನಾದ್ರೂ ರಕ್ತ ಕಾಣಿಸಿದೆಯಾ?'

ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಜುಲೈನಲ್ಲಿ ಎರಡು ಸಲ ಕಲೆ ಆಗಿತ್ತು ಮೇಡಂ. ಉಷ್ಣಕ್ಕಿರಬೇಕು ಅಂತ ಕಾಮಕಸ್ತೂರಿ ನೆನೆಸಿ ಕುಡಿದೆ. ನಿಂತುಹೋಯ್ತು.'

ನಿಲ್ಲಿಸುವುದೋ ಬೇಡವೋ

ಮುಟ್ಟು ನಿಂತ ಮೇಲೆ ಕಾಣುವ ರಕ್ತವನ್ನು, ಒಂದು ಹನಿ ಆದರೂ, ಉಷ್ಣ ಅಂತ ಬಿಡಬಾರದು. ಹೀಗೆ ರಕ್ತ ಕಾಣಿಸಿದವರಲ್ಲಿ 100ಕ್ಕೆ ಸುಮಾರು 9 ಮಂದಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಉಳಿದ 91 ಮಂದಿಗೆ ಇಲ್ಲ, ಅದೂ ಅಷ್ಟೇ ಮುಖ್ಯ. ಆದರೆ ಪರೀಕ್ಷೆ ಮಾಡದೆ ಯಾವ ಗುಂಪು ಅಂತ ಗೊತ್ತಾಗುವುದಿಲ್ಲ. ಆವತ್ತೇ ಅವರ ಎದುರಿಗೇ ಸ್ತ್ರೀರೋಗ ತಜ್ಞೆಗೆ ಫೋನ್ ಮಾಡಿದೆ. ಗಿಡಮೂಲಿಕೆ ಮಾತ್ರೆ ಇವತ್ತೇ ನಿಲ್ಲಿಸಿ, ಈ ವಾರವೇ ಸ್ಕ್ಯಾನ್ ಅಂದರು.

ಸ್ಕ್ಯಾನ್‌ಗೆ ಜಯಮ್ಮ ಒಪ್ಪಿದರು. ಮಾತ್ರೆ ನಿಲ್ಲಿಸಲು ಒಪ್ಪಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ವಾರವೂ ಇರಲಿಲ್ಲ. ಮನೆ ತುಂಬ ಬ್ಲೌಸ್ ಪೀಸ್. 'ಹಬ್ಬ ಮುಗಿದ ಮೇಲೆ ನಿಲ್ಲಿಸ್ತೀನಿ. ಈಗ ನಿದ್ದೆ ಕೆಟ್ರೆ ಕಟಿಂಗ್ ಯಾರು ಮಾಡ್ತಾರೆ? ಎಲೆ ಬೇರು ಅಲ್ವಾ ಮೇಡಂ, ಅದರಿಂದ ರಕ್ತ ಬರುತ್ತಾ?'

ಗದರಿಸಿದರೆ ಕೆಲಸ ಆಗುವುದಿಲ್ಲ ಅಂತ ಗೊತ್ತಿತ್ತು. ಅವರ ತವರಿನ ಕುರಿ ನೆನಪಾಯಿತು, ಆ ಕಥೆ ಹೇಳಿದೆ.

1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕುರಿಗಳು ಗಬ್ಬ ಕಟ್ಟುವುದೇ ನಿಂತುಹೋಗಿತ್ತು. ರೋಗ ಏನೂ ಸಿಗಲಿಲ್ಲ. ಕೊನೆಗೆ ಗೊತ್ತಾಗಿದ್ದು, ಅವು ಮೇಯುತ್ತಿದ್ದ ಒಂದು ಜಾತಿಯ ಕ್ಲೋವರ್ ಸೊಪ್ಪೇ ಕಾರಣ ಅಂತ. ಅದರಲ್ಲಿದ್ದ ಫಾರ್ಮೊನೊನೆಟಿನ್ ಅನ್ನುವ ಪದಾರ್ಥ ಕುರಿಯ ಹೊಟ್ಟೆಯಲ್ಲಿ ಈಕ್ವಾಲ್ ಆಗಿ, ಗರ್ಭಕೋಶದ ಮೇಲೆ ಈಸ್ಟ್ರೋಜನ್ ಥರ ಕೆಲಸ ಮಾಡಿತ್ತು. ರೆಡ್ ಕ್ಲೋವರ್‌ನಲ್ಲೂ ಇರುವುದು ಅದೇ ಪದಾರ್ಥ. ಕುರಿ ದಿನವಿಡೀ ಮೇಯುತ್ತದೆ, ನಾವು ಅಷ್ಟು ತಿನ್ನುವುದಿಲ್ಲ, ಎರಡಕ್ಕೂ ಅಜಗಜಾಂತರ ಅಂತಲೂ ಹೇಳಿದೆ, ಸುಮ್ನೆ ಹೆದರಿಸುವುದು ನನಗೆ ಬೇಕಿರಲಿಲ್ಲ.

ಅವರು ಕೇಳಿಸಿಕೊಂಡು ಅಂದರು, 'ನಮ್ಮಪ್ಪ ಹೊಸ ಕಡೆ ಮೇಯಿಸೋಕೆ ಹೋದ್ರೆ ಗಬ್ಬದ ಕುರಿ ಬಿಡ್ತಾ ಇರಲಿಲ್ಲ. ಸೊಪ್ಪು ಸೊಪ್ಪೇ ಆದ್ರೂ ಯಾವ್ದು ಅಂತ ನೋಡ್ಬೇಕು ಅಂತಿದ್ರು.' ಆವತ್ತು ರಾತ್ರಿಯಿಂದ ನಿಲ್ಲಿಸಿದರು. ಹಬ್ಬದ ಕಟಿಂಗ್‌ಗೆ ಪರಿಚಯದ ಮಾಸ್ಟರ್ ಒಬ್ಬರನ್ನು ಹತ್ತು ದಿನಕ್ಕೆ ಕರೆಸಿಕೊಂಡರು. ದುಡ್ಡು ಖರ್ಚಾಯಿತು, ಆದರೆ ಆ ವ್ಯವಸ್ಥೆ ಆಗದಿದ್ದರೆ ಮಾತ್ರೆ ನಿಲ್ಲುತ್ತಿರಲಿಲ್ಲ. ಔಷಧಿ ಬಿಡಿ ಅಂತ ಹೇಳುವವರು, ಬಿಟ್ಟ ಮೇಲೆ ಅವರ ದಿನ ಹೇಗೆ ನಡೆಯುತ್ತದೆ ಅಂತಲೂ ಕೂತು ಮಾತಾಡಬೇಕು.

ಸ್ಕ್ಯಾನ್‌ನಲ್ಲಿ ಒಳಪದರದ ದಪ್ಪ 7.2 ಮಿ.ಮೀ. ಮುಟ್ಟು ನಿಂತು ರಕ್ತ ಕಂಡವರಲ್ಲಿ 4 ದಾಟಿದರೆ ಬಯಾಪ್ಸಿ ಬೇಕು. ಹೊರರೋಗಿಯಾಗಿಯೇ ತೆಳು ಕೊಳವೆಯಿಂದ ಮಾದರಿ ತೆಗೆದರು. ವರದಿ ಬರುವವರೆಗಿನ ದಿನಗಳಲ್ಲಿ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ ಅಂತ ಮಗಳು ಆಮೇಲೆ ಹೇಳಿದಳು. ಆರ್ಡರ್ ಮಾಡಿದ್ದು ನಾನು ಅಂತ ಅವಳಿಗೆ ಬೇರೆ ಸಂಕಟ. ಕ್ಯಾನ್ಸರ್ ಇರಲಿಲ್ಲ. ಹೈಪರ್‌ಪ್ಲೇಸಿಯಾ ಅಂದರೆ ಅತಿಯಾದ ಬೆಳವಣಿಗೆಯೂ ಇರಲಿಲ್ಲ. ಆದರೆ ಮುಟ್ಟು ನಿಂತವರಲ್ಲಿ ಒಣಗಿದಂತೆ ತೆಳುವಾಗಿರಬೇಕಾದ ಪದರ ಬೆಳೆಯುತ್ತಿರುವ ಲಕ್ಷಣ ತೋರಿಸುತ್ತಿತ್ತು, ಎಲ್ಲಿಂದಲೋ ಈಸ್ಟ್ರೋಜನ್ ಪ್ರಚೋದನೆ ಸಿಗುತ್ತಿದೆ ಅಂತ. ಮೂರು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ 3.6ಕ್ಕೆ ಇಳಿದಿತ್ತು. ಮತ್ತೆ ಕಲೆ ಆಗಿಲ್ಲ.

ನಿಲ್ಲಿಸಿದ ಮೇಲೆ ಆದದ್ದು

ಇಂಥ ಪ್ರಕರಣಗಳಲ್ಲಿ ಜನ ಮರೆಯುವ ಭಾಗ ಇದು. ತಡೆ ಇದ್ದಾಗ ಏರಿಸಿದ ಡೋಸ್, ತಡೆ ಹೋದ ಮೇಲೆ ಜಾಸ್ತಿಯಾಗುತ್ತದೆ. 100 ಮೈಕ್ರೋಗ್ರಾಂ ಈಗ ಪೂರ್ತಿ ಒಳಗೆ ಹೋಗತೊಡಗಿತು. ಫ್ಯಾಮಿಲಿ ಡಾಕ್ಟರಿಗೆ ವಿಷಯ ತಿಳಿಸಿದ್ದೆವು. ಅವರು 6 ವಾರಕ್ಕೆ ಮತ್ತೆ ರಕ್ತ ನೋಡಬೇಕು, ಅದಕ್ಕೆ ಮೊದಲು ಎದೆ ಡವಗುಟ್ಟಿದರೆ, ಕೈ ನಡುಗಿದರೆ ಕಾಯದೆ ಬನ್ನಿ ಅಂತ ಸ್ಪಷ್ಟವಾಗಿ ಹೇಳಿದ್ದರು. ಹಾಗೇ ಆಯಿತು. ಐದನೇ ವಾರ ಸೂಜಿಗೆ ದಾರ ಪೋಣಿಸಲು ಕೈ ನಡುಗಲು ಶುರುವಾಯಿತು. ಟಿಎಸ್‌ಎಚ್ 0.2. ಡೋಸ್ ಮತ್ತೆ 75ಕ್ಕೆ. ಡಿಸೆಂಬರ್‌ನಲ್ಲಿ 2.7, ಅಂದರೆ ಒಂದು ವರ್ಷದ ಹಿಂದೆ ಇದ್ದಲ್ಲಿಗೇ. ಬಿಪಿ ಮಾತ್ರೆಯಿಲ್ಲದೆ 130/84ಕ್ಕೆ ಇಳಿದಿತ್ತು. ಅತಿಮಧುರದಲ್ಲಿರುವ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು ನೀರು ಹಿಡಿದಿಟ್ಟು ಬಿಪಿ ಏರಿಸಬಲ್ಲದು, ಪೊಟ್ಯಾಸಿಯಂ ಇಳಿಸಬಲ್ಲದು. ಈ ಮಾತ್ರೆಯಲ್ಲಿದ್ದ ಪ್ರಮಾಣ ಕಮ್ಮಿಯೇ, ಥೈರಾಯ್ಡ್ ಕೊರತೆಯೂ ಬಿಪಿ ಏರಿಸುತ್ತದೆ. ಯಾವುದರ ಪಾಲು ಎಷ್ಟು ಅಂತ ನಾನು ಭಾಗ ಮಾಡಲು ಹೋಗುವುದಿಲ್ಲ.

ಥೈರಾಯ್ಡ್ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಸೇರಿಸಿದಾಗ ಕೆಟ್ಟಿತು, ತೆಗೆದಾಗ ಇನ್ನೊಂದು ಕಡೆಗೆ ವಾಲಿತು, ಡೋಸ್ ಹಳೆಯದಕ್ಕೆ ತಂದಾಗ ಸರಿಯಾಯಿತು. ಸೋಯಾನೋ ಕ್ಯಾಲ್ಸಿಯಮ್ಮೋ ಅಂತ ಬೇರ್ಪಡಿಸಲಾಗದು, ಆದರೆ ಆ ಮಾತ್ರೆಯದೇ ಕೆಲಸ.

ಕಲೆಯ ವಿಷಯದಲ್ಲಿ ಅಷ್ಟು ಗಟ್ಟಿಯಾಗಿ ಹೇಳಲಾರೆ. 2004ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ ದಿನಕ್ಕೆ 150 ಮಿ.ಗ್ರಾಂ ಸೋಯಾ ಐಸೋಫ್ಲಾವೋನ್ 5 ವರ್ಷ ಕೊಟ್ಟಾಗ ಕೆಲವರಲ್ಲಿ ಒಳಪದರ ಅತಿಯಾಗಿ ಬೆಳೆದಿತ್ತು, ಡಮ್ಮಿ ಮಾತ್ರೆಯವರಲ್ಲಿ ಒಬ್ಬರಿಗೂ ಆಗಿರಲಿಲ್ಲ. ಆದರೆ ಅದೇ ಅಧ್ಯಯನದಲ್ಲಿ ಎರಡೂವರೆ ವರ್ಷದವರೆಗೆ ತೊಂದರೆ ಕಂಡಿರಲಿಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಎಲ್ಲವನ್ನೂ ನೋಡಿ, ಮುಟ್ಟು ನಿಂತವರಲ್ಲಿ ಅಧ್ಯಯನವಾದ ಪ್ರಮಾಣಗಳಲ್ಲಿ ಸ್ತನ, ಗರ್ಭಕೋಶ, ಥೈರಾಯ್ಡ್‌ಗೆ ಹಾನಿಯ ಸೂಚನೆ ಇಲ್ಲ ಅಂದಿತು. ಜಯಮ್ಮ ತೆಗೆದುಕೊಂಡದ್ದು ಏಳು ತಿಂಗಳು. ದೇಹದ ಕೊಬ್ಬು ತಾನೇ ಈಸ್ಟ್ರೋಜನ್ ತಯಾರಿಸುತ್ತದೆ, ಅವರ ತೂಕ ನೋಡಿದರೆ ಕಲೆಗೆ ಅದೂ ಒಂದು ಕಾರಣ ಅಂತ ಸ್ತ್ರೀರೋಗ ತಜ್ಞೆ ಹೇಳಿದರು. ರೆಡ್ ಕ್ಲೋವರ್ ಪ್ರಮಾಣ ಗೊತ್ತಿಲ್ಲ, ಡೋಸ್ ಎರಡು ಪಟ್ಟು, ಮೇಲೆ ಊಟದ ಸೋಯಾ. ಇವೆಲ್ಲ ಸೇರಿ ಆಗಿರುವ ಸಾಧ್ಯತೆ ಇದೆ, ಬರೀ ಮಾತ್ರೆಯದೇ ಅಂತ ಸಾಬೀತಾಗಿಲ್ಲ. ಇದನ್ನು ಓದಿ 'ಸೋಯಾ ತಿಂದರೆ ಗರ್ಭಕೋಶ ಕೆಡುತ್ತೆ' ಅಂತ ಯಾರೂ ಫಾರ್ವರ್ಡ್ ಮಾಡಬೇಡಿ ದಯವಿಟ್ಟು. ಊಟದಲ್ಲಿ ಹಿತಮಿತವಾಗಿ ತಿನ್ನುವ ಸೋಯಾ, ಅಗಸೆ ಚಟ್ನಿಪುಡಿ, ಎಳ್ಳಿನ ಬಗ್ಗೆ ನನಗೆ ತಕರಾರಿಲ್ಲ. ಜಯಮ್ಮ ಈಗಲೂ ವಾರಕ್ಕೊಮ್ಮೆ ಸೋಯಾ ಪಲ್ಯ ಮಾಡುತ್ತಾರೆ, ಮಧ್ಯಾಹ್ನದ ಊಟಕ್ಕೆ.

ನಿರೀಕ್ಷಿಸಿದಂತೆ ಹಾಟ್ ಫ್ಲಶ್ ವಾಪಸ್ ಬಂತು. ಪುಸ್ತಕದ ಅಂಚಿನಲ್ಲಿ ಮತ್ತೆ 7, 8. ಈ ಸಲ ಡಾಕ್ಟರ್ ಹತ್ತಿರ ಪುಸ್ತಕ ತೆಗೆದುಕೊಂಡೇ ಹೋದರು. ಹಾರ್ಮೋನ್ ಬೇಡ ಅನ್ನುವುದು ಬದಲಾಗಲಿಲ್ಲ. ಹಾರ್ಮೋನ್ ಅಲ್ಲದ ಔಷಧಿಗಳಲ್ಲಿ ಗ್ಯಾಬಪೆಂಟಿನ್ ರಾತ್ರಿ ಹೊತ್ತು ಕಮ್ಮಿ ಡೋಸಿನಲ್ಲಿ ಕೊಟ್ಟರು. ಮೊದಲ ವಾರ ಬೆಳಿಗ್ಗೆ ತಲೆ ಭಾರ, ಹತ್ತು ಗಂಟೆವರೆಗೆ ಕತ್ತರಿ ಹಿಡಿಯಲಿಲ್ಲ. ಆಮೇಲೆ ಹೊಂದಿಕೊಂಡಿತು. ಈಗ ರಾತ್ರಿ ನಿದ್ದೆ ಇದೆ, ಹಗಲು 4-5 ಸಲ ಕಾವು ಬರುತ್ತದೆ. ತೂಕ 79ರಿಂದ 75ಕ್ಕೆ ಬಂದಿದೆ, ಅದರಲ್ಲಿ ಥೈರಾಯ್ಡ್ ಸರಿಹೋಗಿದ್ದರ ಪಾಲೂ ಇದೆ, ರಾತ್ರಿ ಅನ್ನದ ಬದಲು ಏಳು ಗಂಟೆಗೇ ಮುದ್ದೆ ಸೊಪ್ಪಿನ ಸಾರು ಊಟ ಮಾಡಿದ್ದರ ಪಾಲೂ ಇದೆ.

ಇದನ್ನು ನೋಡಿದ ಮೇಲೆ ನಮ್ಮ ಕ್ಲಿನಿಕ್ಕಿನ ಫಾರಂನಲ್ಲಿ ಪ್ರಶ್ನೆ ಬದಲಿಸಿದೆವು. 'ಬೇರೆ ಔಷಧಿ ಇದೆಯಾ' ಅಂತ ಇದ್ದಲ್ಲಿ 'ಪುಡಿ, ಕಷಾಯ, ಲೇಹ್ಯ, ಹರ್ಬಲ್ ಮಾತ್ರೆ, ಆನ್‌ಲೈನ್‌ನಲ್ಲಿ ತರಿಸಿದ್ದು ಏನಾದರೂ ಇದೆಯಾ, ಯಾವ ಹೊತ್ತಿಗೆ ತಗೋತೀರ' ಅಂತ ಬಂದಿದೆ. ಡಬ್ಬಿ ತನ್ನಿ ಅಂತಲೂ ಹೇಳುತ್ತೇವೆ. ಸ್ತನ ಅಥವಾ ಗರ್ಭಕೋಶದ ಕ್ಯಾನ್ಸರ್ ಆಗಿ ಚಿಕಿತ್ಸೆ ಪಡೆದವರು, ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ತಗೊಳ್ಳುವವರು, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು, ಗರ್ಭಿಣಿಯರು ಇಂಥ ಮಾತ್ರೆಯನ್ನು ತಮ್ಮ ಡಾಕ್ಟರ್ ಕೇಳದೆ ಮುಟ್ಟಲೇಬಾರದು ಅಂತ ಗೋಡೆಗೆ ದೊಡ್ಡ ಅಕ್ಷರದಲ್ಲಿ ಅಂಟಿಸಿದ್ದೇವೆ.

ಪ್ರಕರಣವನ್ನು ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ವರದಿ ಮಾಡಿದ್ದೇವೆ. ಅವರ ಉಚಿತ ಸಹಾಯವಾಣಿ 1800-180-3024, ರೋಗಿಗಳೇ ಕರೆ ಮಾಡಬಹುದು, ಡಾಕ್ಟರ್ ಮೂಲಕವೇ ಹೋಗಬೇಕು ಅಂತಿಲ್ಲ. ಡಬ್ಬಿಯ ಬ್ಯಾಚ್ ನಂಬರ್ ಇದ್ದರೆ ಕೊಡುವುದು ಒಳ್ಳೆಯದು. ಜಯಮ್ಮ ಡಬ್ಬಿ ಎಸೆದಿದ್ದರು, ಮಗಳ ಫೋನಿನಲ್ಲಿದ್ದ ಲೇಬಲ್ ಫೋಟೋದಲ್ಲಿ ನಂಬರ್ ಸಿಕ್ಕಿತು. ಮುಂದಿನ ಟಿಎಸ್‌ಎಚ್ ಜೂನ್‌ನಲ್ಲಿ ಮಾಡಿಸಬೇಕು, ಆಗಸ್ಟ್‌ನಲ್ಲಿ ಇನ್ನೊಂದು ಸ್ಕ್ಯಾನ್. ಹಬ್ಬಕ್ಕೆ ಮೊದಲೇ ಮುಗಿಸಿಬಿಡೋಣ ಅಂತ ಅವರೇ ದಿನ ಗೊತ್ತು ಮಾಡಿದ್ದಾರೆ.